ಬಿಲ್ಲುಗಾರನನ್ನು ನಡೆಸಿದ ಅತ್ತಿಗೆ

ಅತ್ತಿಗೆಯ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕವರಿದ್ದಾಗ ಕುರುಗೋಡಿನ ತವರುಮನೆಯಲ್ಲಿ ಒರಳಿನ ಗುಂಡು ಉರುಳಿ ಮೂಳೆ ಮುರಿದಿತ್ತಂತೆ. ಯಾರೋ ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದರು. ಮೂಳೆ ಕೂಡಿತು, ಬೆರಳು ಮಾತ್ರ ಕಡ್ಡಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ರೊಟ್ಟಿ ಬಡಿಯುವಾಗ, ಚಹಾದ ಲೋಟ ಹಿಡಿದಾಗ ಅದೊಂದು ಬೆರಳು ಉಳಿದವುಗಳ ಜೊತೆ ಸೇರದೆ ದೂರವೇ ಇರುತ್ತಿತ್ತು. ಅಣ್ಣನ ಜೊತೆ ಮದುವೆಯಾಗುವಾಗ ಬಳೆ ತೊಡಿಸುವಾಕೆ ಆ ಕೈ ಹಿಡಿದು ಒದ್ದಾಡುತ್ತಿದ್ದಾಗ ಅತ್ತಿಗೆ, "ಅದನ್ನ ಅದರ ಪಾಡಿಗೆ ಬಿಡವ್ವ, ಉಳಿದವು ಬರತಾವ" ಅಂದರು. ನಾನು ಅವರ ಬಾಯಿಂದ ಕೇಳಿದ ಮೊದಲ ಮಾತು ಅದು.

ಅವರು ಕಂಟೋನ್ಮೆಂಟಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಮನೆ ಕೌಲ್ ಬಜಾರಿನಲ್ಲಿ, ಜೀನ್ಸ್ ಹೊಲಿಯುವ ವರ್ಕ್‌ಶಾಪುಗಳ ಹಿಂದಿನ ಓಣಿಯಲ್ಲಿತ್ತು. ಅಪ್ಪ ತೀರಿ ಬಹಳ ವರ್ಷವಾಗಿತ್ತು. ಅವ್ವ, ಅಣ್ಣ, ಅತ್ತಿಗೆ, ತಂಗಿಯಾದ ನಾನು, ಇಷ್ಟೇ ಜನ. ಅತ್ತಿಗೆಗೆ ಅಂಗಡಿಯಲ್ಲಿ ಸಿಗುವ ಗೈಡುಗಳೆಂದರೆ ಆಗುತ್ತಿರಲಿಲ್ಲ. ಲೆಕ್ಕವನ್ನೆಲ್ಲ ಬಿಡಿಸಿಟ್ಟ ಪುಸ್ತಕ ತಂದ ಹುಡುಗಿಯರು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೇ ತರಗತಿಯೊಳಗೆ ಬರಬೇಕು. "ಸಿಕ್ಕೊಂಡಾಗನ ತಲಿ ಓಡೋದು. ಸಿಕ್ಕೊಳ್ರಿ ಸ್ವಲ್ಪ" ಅನ್ನುತ್ತಿದ್ದರು. ಮನೆಯಲ್ಲೂ ಹಾಗೆಯೇ. ನಾನು ಏನಾದರೂ ಕೇಳಿದರೆ ತಕ್ಷಣ ಹೇಳಿದವರಲ್ಲ. "ನಿನಗೇನು ಅನಸ್ತೈತಿ ಮೊದಲ ಹೇಳು" ಎಂದು ಹುಬ್ಬು ಏರಿಸಿ ಕಾಯುತ್ತಿದ್ದರು.

ಅಣ್ಣ ಜೀನ್ಸ್ ವರ್ಕ್‌ಶಾಪಿನಲ್ಲಿ ಕಟಿಂಗ್ ಮಾಸ್ಟರ್. ದಿನವಿಡೀ ನೀಲಿ ಬಟ್ಟೆ ಕತ್ತರಿಸಿ ಉಗುರಿನ ಸಂದೆಲ್ಲ ನೀಲಿ ಮಾಡಿಕೊಂಡು ಬರುತ್ತಿದ್ದ. ಕೈಕಾಲು ತೊಳೆದು, ಚಹಾ ಕುಡಿದು, ಹೊರಗಿನ ಕೋಣೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಅದೊಂದು ಆನ್‌ಲೈನ್ ಆಟ. ಎಲ್ಲೆಲ್ಲಿಯವರೋ ಒಂದೇ ಕಾಡು, ಒಂದೇ ಕೋಟೆಗಳಲ್ಲಿ ಓಡಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ವೇಷ. ಅಣ್ಣನದು ಹಸಿರು ಕುಪ್ಪಸದ ಬಿಲ್ಲುಗಾರ. ಕೊಟ್ಟ ಕೆಲಸ ಮುಗಿಸುತ್ತ ಹೋದರೆ ಬಿಲ್ಲುಗಾರನ ಲೆವೆಲ್ ಏರುತ್ತದೆ, ಏರಿದಷ್ಟೂ ಬಲ ಬರುತ್ತದೆ, ಹೊಸ ಊರುಗಳು ತೆರೆಯುತ್ತವೆ. ಕೊನೆಯ ಲೆವೆಲ್ ಅರವತ್ತು. ಅಣ್ಣ ವರ್ಷಗಟ್ಟಲೆ ಆಡಿಯೂ ನಲವತ್ತರ ಆಸುಪಾಸಿನಲ್ಲೇ ಇದ್ದ. ನಾವು ಯಾವಾಗ ನೋಡಿದರೂ ಅವನ ಬಿಲ್ಲುಗಾರ ಒಂದು ಕೆರೆಯ ದಂಡೆಯಲ್ಲಿ ಗಾಳ ಹಾಕಿ ನಿಂತಿರುತ್ತಿದ್ದ, ಇಲ್ಲವೇ ಯಾರದೋ ಹಿಂದೆ ಕಾಡಿನಲ್ಲಿ ಸುತ್ತುತ್ತಿದ್ದ.

"ಏನ್ರಿ, ಪಾಸಾಗೋ ವಿಚಾರ ಐತೋ ಇಲ್ಲೋ?" ಎಂದು ಅತ್ತಿಗೆ ಕಾಡಿಸುತ್ತಿದ್ದರು.

"ಇದಕ್ಕೂ ಗೈಡ್ ಇರತಾವ. ನೋಡಿ ಆಡಿದ್ರ ತಿಂಗಳದಾಗ ಮುಗಸ್ತೀನಿ. ನೋಡ್ಲೇನು?"

"ನೋಡ್ರಿ, ನಿಮ್ಮನ್ನ ಕಿಟಕಿ ಕಟ್ಟಿ ಮ್ಯಾಲ ಕುಂದರಸ್ತೀನಿ."

ಇಬ್ಬರೂ ನಗುತ್ತಿದ್ದರು.

ಒಂದು ಬೆಳಿಗ್ಗೆ ಅಣ್ಣ ವರ್ಕ್‌ಶಾಪಿನಲ್ಲಿ ಬಟ್ಟೆಯ ಥಾನು ಇಳಿಸುತ್ತಿದ್ದವನು ಎದೆ ಒತ್ತಿಕೊಂಡು ಗೋಡೆಗೆ ಒರಗಿ ಕುಳಿತ. ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅವನಿಗೆ ನಲವತ್ತೂ ಆಗಿರಲಿಲ್ಲ.

ಅತ್ತಿಗೆ ಅಳಲಿಲ್ಲ. ಕೊಳಗಲ್ಲಿನಿಂದ ಬಂದ ನಮ್ಮ ಸೋದರತ್ತೆ ಅವರನ್ನು ಹಿಡಿದು ಅಲುಗಾಡಿಸಿ, "ಅತ್ತುಬಿಡವ್ವ, ಎದಿ ಹಗುರಾಗತೈತಿ" ಅಂದರು. ಅತ್ತಿಗೆ ಅವರ ಮುಖ ನೋಡಿ, "ಬರವಲ್ದು" ಅಂದರು. ಹಸಿವಾಗುತ್ತಿಲ್ಲ ಎಂದು ಹೇಳುವ ಧಾಟಿಯಲ್ಲಿ.

ಬಂದವರೆಲ್ಲ ಹೋದ ಮೇಲೆ ಮನೆ ತಣ್ಣಗಾಯಿತು. ನಾನು ಒಂದು ಲ್ಯಾಬಿನಲ್ಲಿ ಬೆಳಗಿನ ಪಾಳಿಯಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ನನಗೆ "ಮುಷ್ಟಿ ಬಿಗಿ ಮಾಡ್ರಿ", "ಸಡಲ ಬಿಡ್ರಿ" ಎಂಬೆರಡು ಮಾತುಗಳೇ ಸಾಕಾಗುತ್ತಿದ್ದವು. ಮಧ್ಯಾಹ್ನ ಮನೆಗೆ ಬಂದರೆ ಅವ್ವ ಒಂದು ಮೂಲೆಯಲ್ಲಿ, ಅತ್ತಿಗೆ ಇನ್ನೊಂದು ಮೂಲೆಯಲ್ಲಿ. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು, ಅತ್ತಿಗೆ ಅದರ ಎದುರೇ ನಿಂತಿದ್ದರು. ನನ್ನನ್ನು ಕಂಡು, "ಇದನ್ನ ಇಳಸಬೇಕಲ್ಲ?" ಎಂದು ಕೇಳಿದರು. ನಿಜವಾಗಿಯೂ ಕೇಳಿದರು. ಸ್ನಾನ ಮಾಡಿ ಬಂದು ಒದ್ದೆ ತಲೆಯಲ್ಲೇ ಕೂತುಬಿಡುತ್ತಿದ್ದರು, ನೀರು ಬೆನ್ನಿಗೆ ಇಳಿದು ರವಿಕೆ ತೊಯ್ದರೂ ಗೊತ್ತಾಗುತ್ತಿರಲಿಲ್ಲ. ಸಾಲಿಗೆ ರಜೆ ಹಾಕಿದ್ದರು. ಪದೇ ಪದೇ ಕೇಳುತ್ತಿದ್ದದ್ದು ಒಂದೇ: "ಈಗ ಏನ್ ಮಾಡಬೇಕು?"

ನಾನು ಟವೆಲ್ ತಂದು ಅವರ ತಲೆ ಒರೆಸುತ್ತಿದ್ದೆ.

ಸಾಲಿಯವರು ಯಾವುದೋ ಪರೀಕ್ಷೆಯ ಅಂಕಗಳನ್ನು ಕಳಿಸಿಕೊಡಿ ಎಂದು ಫೋನ್ ಮಾಡಿದ ದಿನ ಅತ್ತಿಗೆ ಕಂಪ್ಯೂಟರ್ ಹಚ್ಚಿದರು. ಅಣ್ಣ ಹೇಗೆ ಇಟ್ಟಿದ್ದನೋ, ಆಟ ತಾನೇ ತೆರೆದುಕೊಂಡಿತು. ಬಿಲ್ಲುಗಾರ ಕೆರೆಯ ದಂಡೆಯಲ್ಲಿ ಗಾಳ ಹಿಡಿದು ನಿಂತಿದ್ದ. ಅತ್ತಿಗೆ ಯಾವುದೋ ಗುಂಡಿ ಒತ್ತಿದರು. ಅವನು ಎರಡು ಹೆಜ್ಜೆ ಮುಂದೆ ಹೋಗಿ ನೀರಿಗೆ ಬಿದ್ದ. ಅವನನ್ನು ಹೊರಗೆ ತರುವುದು ನಮ್ಮಿಬ್ಬರಿಗೂ ಬರಲಿಲ್ಲ. ಅತ್ತಿಗೆ ಫೋನ್ ತೆಗೆದುಕೊಂಡು ಹುಡುಕಿದರು. ಸ್ವಲ್ಪ ಹೊತ್ತಿಗೆ ಅವನು ದಂಡೆ ಹತ್ತಿದ. ಅವರು ಫೋನನ್ನು ಸ್ಟೀಲ್ ತಂಬಿಗೆಗೆ ಒರಗಿಸಿ ನಿಲ್ಲಿಸಿ ಮುಂದಕ್ಕೆ ಓದತೊಡಗಿದರು. ಲೆವೆಲ್ ಬೇಗ ಏರಿಸುವುದು ಹೇಗೆಂದು ಯಾರೋ ಮೊದಲಿನಿಂದ ಕೊನೆಯವರೆಗೆ ಬರೆದಿಟ್ಟಿದ್ದ ಗೈಡ್ ಅದು.

ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ಅವರು ಅದರ ಮುಂದೆ ಕೂರುವುದು ರೂಢಿಯಾಯಿತು. ಉತ್ತರದ ಬಾಗಿಲಿಗೆ ಹೋಗು. ಮುದುಕನ ಹತ್ತಿರ ಕೆಲಸ ತಗೋ. ಅವನ ಕಥೆ ಕೇಳಬೇಡ, ದಾಟಿಸು. ತೋಳಗಳನ್ನು ಕೊಲ್ಲು. ತೊಗಲು ಆರಿಸಬೇಡ, ಹೊತ್ತು ದಂಡ. ತಿರುಗಿ ಬಾ. ಗೈಡ್ ಹೇಳಿದ್ದನ್ನು ಅತ್ತಿಗೆ ಒಂದೂ ಬಿಡದೆ ಮಾಡುತ್ತಿದ್ದರು. ಮುಖದಲ್ಲಿ ಆಡುವವರ ಖುಷಿಯೂ ಇಲ್ಲ, ಬೇಸರವೂ ಇಲ್ಲ. ಆ ಕಿರುಬೆರಳು ಕೀಬೋರ್ಡಿನ ಮೇಲೆ ಯಾವ ಗುಂಡಿಯನ್ನೂ ಮುಟ್ಟದೆ ನಿಂತಿರುತ್ತಿತ್ತು. ಅಣ್ಣ ವರ್ಷಗಟ್ಟಲೆ ಸುತ್ತಿದ ಕಾಡನ್ನು ಅವರು ಒಂದು ವಾರದಲ್ಲಿ ದಾಟಿಬಿಟ್ಟರು.

ಓಣಿಯಲ್ಲಿ ಮಾತು ಹುಟ್ಟಿತು. ಪಕ್ಕದ ಮನೆಯಾಕೆ ಅವ್ವನ ಹತ್ತಿರ, "ಗಂಡ ಸತ್ತು ಇನ್ನಾ ದಿನ ಆಗಿಲ್ಲ, ಕಂಪ್ಯೂಟರಿನಾಗ ಆಟ ಅಂತ" ಎಂದು ಎಳೆದಳು. ಅವ್ವ ಕಾಳು ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಆಡೋಕಿನ್ನ ಮುಂಚೆ ಉಣ್ಣತಾಳ. ನನಗ ಅಷ್ಟು ಸಾಕು" ಅಂದಳು.

ನನಗೆ ಮಾತ್ರ ಸಹಿಸಲಾಗಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಅತ್ತಿಗಿ, ಅಣ್ಣ ಹಿಂಗ ಆಡತಿರಲಿಲ್ಲ."

"ಗೊತ್ತು."

"ಆ ಮುದುಕ ಏನೋ ಹೇಳಾಕತ್ಯಾನ, ಕೇಳಾಕೂ ಬಿಡವಲ್ರಿ. ಇಷ್ಟು ಅವಸರ ಯಾಕ?"

ಅತ್ತಿಗೆ ಬಿಲ್ಲುಗಾರನನ್ನು ಒಂದು ಮರದ ಕೆಳಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನಿಮ್ಮಣ್ಣಗ ಎಲ್ಲಾ ಕಡಿ ಹೋಗೋ ಆಸೆ ಇತ್ತು. ನನಗ ಎಲ್ಲೂ ಹೋಗೋದು ಬ್ಯಾಡಾಗೈತಿ. ಮುಂಜಾನೆ ಎದ್ದರ ಮುಂದ ಏನು ಮಾಡಬೇಕು ತಿಳೀವಲ್ದು. ಇದರಾಗ ಬರದೈತಿ. ಬರದಂಗ ಮಾಡತೀನಿ. ಅಷ್ಟೊತ್ತು ಕಳೀತೈತಿ."

ಇಷ್ಟು ಹೇಳಿ ಮತ್ತೆ ಪರದೆಯ ಕಡೆ ತಿರುಗಿದರು. ನಾನು ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆದೆ. ಮತ್ತೆ ಆ ಮಾತು ಎತ್ತಲಿಲ್ಲ.

ಐವತ್ತು ದಾಟಿದ ಮೇಲೆ ಒಂದು ಗುಹೆ ಬಂತು. ಇದು ಒಬ್ಬರಿಂದ ಆಗುವುದಲ್ಲ, ಜೊತೆಯವರನ್ನು ಕೂಡಿಸಿಕೊಳ್ಳಬೇಕು ಎಂದು ಗೈಡಿನಲ್ಲಿತ್ತು. ಅಣ್ಣನಿಗೆ ಆಟದಲ್ಲೇ ಒಂದು ಗೆಳೆಯರ ಗುಂಪಿತ್ತು. ಆಡುತ್ತ ಪರಸ್ಪರ ಮಾತಾಡುತ್ತಿದ್ದರು. ಅವರು ಮುಖ ಕಂಡವರಲ್ಲ, ಹೆಸರು ಕೂಡ ವೇಷದ ಹೆಸರೇ. ಅಣ್ಣ ಹೋದದ್ದನ್ನು ಅವರಿಗೆ ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದೊಂದು ಭಾನುವಾರ. ಅತ್ತಿಗೆ ಗುಂಪನ್ನು ಸೇರುವ ಗುಂಡಿ ಒತ್ತಿದರು. ತಕ್ಷಣ ಸ್ಪೀಕರಿನಿಂದ ಗಂಡಸಿನ ದನಿಯೊಂದು ಚೀರಿತು:

"ಅಣ್ಣಾ! ಬಂದ್ಯಾ! ಎಲ್ಲಿ ಹೋಗಿದ್ದಿಪಾ ಇಷ್ಟು ದಿನ?"

ಇನ್ನೊಂದು ದನಿ ತೆಲುಗಿನಲ್ಲಿ ಏನೋ ಹೇಳಿ ನಕ್ಕಿತು. ಯಾರೋ ಶಿಳ್ಳೆ ಹೊಡೆದರು. ಪರದೆಯ ಮೇಲೆ ನಾಲ್ಕೈದು ವೇಷಗಳು ಓಡಿ ಬಂದು ಬಿಲ್ಲುಗಾರನ ಸುತ್ತ ಕುಣಿಯತೊಡಗಿದವು. ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಅತ್ತಿಗೆ ಫೋನಿನಲ್ಲಿದ್ದ ಗೈಡನ್ನು ಒಮ್ಮೆ ಮೇಲೆ ಸರಿಸಿದರು, ಒಮ್ಮೆ ಕೆಳಗೆ ಸರಿಸಿದರು. ಆಮೇಲೆ ಮೈಕಿನ ಹತ್ತಿರ ಬಾಗಿದರು.

"ನಾನು ಅವರ ಹೆಂಡತಿ ಮಾತಾಡೋದು. ಅವರು ತೀರಿಕೊಂಡ್ರು. ನಿಮಗ ಹೇಳೋದು ತಡ ಆತು."

ಕುಣಿಯುತ್ತಿದ್ದವರು ನಿಂತರು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿದ್ದು ಸ್ಪೀಕರಿನಲ್ಲಿ ಕೇಳಿಸಿತು. ಅತ್ತಿಗೆಯೇ ಮತ್ತೆ, "ನನಗ ಈ ಗವಿ ದಾಟಬೇಕಾಗೈತಿ. ಯಾ ಕಡಿ ಹೋಗಬೇಕು ಹೇಳ್ರಿ" ಅಂದರು.

ಮೊದಲು ಚೀರಿದ ದನಿಯೇ ಮತ್ತೆ ಬಂತು. ಈಗ ಅದು ಬೇರೆಯೇ ದನಿಯಾಗಿತ್ತು. "ಎಡಕ್ಕ ಬರ್ರಿ ಅಮ್ಮಾ. ನನ್ನ ಬೆನ್ನ ಹಿಂದ ನಿಂದರ್ರಿ. ಮುಂದ ಬರಬ್ಯಾಡ್ರಿ."

ಅವರು ಬಿಲ್ಲುಗಾರನನ್ನು ನಡುವೆ ಇಟ್ಟುಕೊಂಡು ಗುಹೆ ದಾಟಿಸಿದರು. ಅತ್ತಿಗೆ ಒಂದು ಬಾಣವನ್ನೂ ಬಿಡಬೇಕಾಗಲಿಲ್ಲ.

ಆ ದನಿಯವನು ಸಿರುಗುಪ್ಪದವನು, ಒಂದು ಅಕ್ಕಿ ಮಿಲ್ಲಿನಲ್ಲಿ ಕೆಲಸ. ಮುಂದಿನ ವಾರ ಹೆಂಡತಿಯನ್ನೂ ಹೊಸ ಅಕ್ಕಿಯ ಚೀಲವನ್ನೂ ಬೈಕಿನಲ್ಲಿ ಕೂರಿಸಿಕೊಂಡು, ಅತ್ತಿಗೆ ಕೊಟ್ಟ ವಿಳಾಸ ಹಿಡಿದು ನಮ್ಮ ಮನೆ ಹುಡುಕಿ ಬಂದ. ಗೋಡೆಯ ಮೇಲಿನ ಫೋಟೋ ನೋಡಿ, "ಅಣ್ಣ ಹಿಂಗಿದ್ನ?" ಎಂದು ನಿಂತುಬಿಟ್ಟ. ಕಪ್ಪು ಮೈಬಣ್ಣದ, ಅಣ್ಣನಿಗಿಂತ ದೊಡ್ಡ ವಯಸ್ಸಿನ ಮನುಷ್ಯ. ಚಹಾ ಕುಡಿಯುತ್ತ ಹೇಳಿದ: "ಹೊಸದಾಗಿ ಬಂದೋರನ್ನ ಯಾರೂ ಜೋಡಿ ಕರಕೊಳ್ಳಲ್ಲರಿ. ಕರಕೊಂಡ್ರ ನಮ್ಮ ಲೆವೆಲ್ ಏರಂಗಿಲ್ಲ. ಅಣ್ಣ ಅವರ ಸಲುವಾಗಿ ಹಿಂದಕ್ಕ ಹೋಗತಿದ್ದ. ನನಗೂ ಆಟದಾಗ ನಡಿಯಾಕ ಕಲಿಸಿದಾವ ಅವನ. ಅದಕ್ಕ ಅವ ನಲವತ್ತರಾಗನ ಉಳಿದ." ಹೇಳುತ್ತ ಅತ್ತುಬಿಟ್ಟ. ಅವನ ಹೆಂಡತಿಯೂ ಅತ್ತಳು. ಅವ್ವ, ನಾನು ಅತ್ತೆವು. ಅತ್ತಿಗೆ ಒಬ್ಬೊಬ್ಬರನ್ನೇ ನೋಡಿದರು, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಹಿಂದೆ ಹೋಗಿ ನೋಡಿದೆ. ಲೋಟ ತೊಳೆಯುತ್ತಿದ್ದರು, ಕಣ್ಣು ಒಣಗಿತ್ತು. "ಇದನ್ನ ನನಗ ಯಾವತ್ತೂ ಹೇಳಿರಲಿಲ್ಲ ನೋಡು" ಅಂದರು. ಅಷ್ಟೇ.

ಅರವತ್ತನೇ ಲೆವೆಲ್ ಮುಟ್ಟಿದ ದಿನ ನಾನು ಪಕ್ಕದಲ್ಲೇ ಇದ್ದೆ. ಬಿಲ್ಲುಗಾರನ ಮೈಯಿಂದ ಹಳದಿ ಬೆಳಕು ಎದ್ದಿತು, ಗಂಟೆಯಂಥ ಸದ್ದಾಯಿತು, ನಿಂತಿತು. ಗೈಡ್ ಅಲ್ಲಿಗೆ ಮುಗಿದಿತ್ತು. ಅತ್ತಿಗೆ ಫೋನನ್ನು ಇನ್ನೂ ಕೆಳಗೆ ಸರಿಸಿ ನೋಡಿದರು. ಖಾಲಿ. ಮತ್ತೆ ಸರಿಸಿದರು. ನನ್ನ ಮುಖ ನೋಡಿ, "ಇನ್ನ?" ಎಂದು ಕೇಳಿದರು.

ನನಗೆ ಹೆದರಿಕೆಯಾಯಿತು. ಅವರು ಕಂಪ್ಯೂಟರ್ ಆರಿಸಲಿಲ್ಲ, ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ಜೀನ್ಸಿನ ಗಂಟು ಹೇರಿದ ಆಟೋ ಒಂದು ಹಾರ್ನ್ ಹೊಡೆಯುತ್ತ ಓಣಿಯಲ್ಲಿ ಸಿಕ್ಕಿಕೊಂಡಿತ್ತು. ಅದು ಬಿಡಿಸಿಕೊಂಡು ಹೋಗುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದೆವು. ಆಮೇಲೆ ಅತ್ತಿಗೆ, "ನಾಳೆ ಸಾಲಿಗೆ ಹೋಗತೀನಿ. ಸೀರಿ ಇಸ್ತ್ರಿ ಮಾಡಬೇಕು" ಎಂದು ಎದ್ದರು. ಅವರು ಮತ್ತೆ ಆಟ ತೆರೆದದ್ದನ್ನು ನಾನು ನೋಡಲಿಲ್ಲ.

ಅವರು ಅತ್ತರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮುಂದೆ ಕುರುಗೋಡಿನ ಒಂದು ಸಾಲಿಯಲ್ಲಿ ಕೆಲಸ ಸಿಕ್ಕಿ ಅಲ್ಲಿಗೇ ಹೋದರು. ಹೋಗುವಾಗ ಅವ್ವ ಬಾಗಿಲಲ್ಲಿ ನಿಂತು ಅವರ ಗಲ್ಲ ಸವರಿದಳು. ಹಬ್ಬಕ್ಕೆ ಬರುತ್ತಿದ್ದರು, ಅವ್ವನಿಗೆ ತಲೆ ಬಾಚಿ, ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಡುತ್ತಿದ್ದರು. ನಮ್ಮಿಬ್ಬರ ನಡುವೆ ಹೆಚ್ಚಿನ ಮಾತೇನೂ ಇರುತ್ತಿರಲಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ಮನೆಯಲ್ಲಿ ನಾನೊಬ್ಬಳೇ ಉಳಿದೆ. ಎಲ್ಲ ಕಾರ್ಯ ಮುಗಿದು ಜನ ಕರಗಿದ ಮೇಲೆ ನನಗೂ ಹಾಗೆಯೇ ಆಯಿತು. ಲ್ಯಾಬಿಗೆ ಹೋಗಲಿಲ್ಲ, ಫೋನ್ ಎತ್ತಲಿಲ್ಲ. ದುಃಖ ಎನ್ನುವಂಥದ್ದೇನೂ ಇರಲಿಲ್ಲ. ಚಾಪೆಯ ಮೇಲೆ ಮಲಗಿ ಮೇಲಿನ ಫ್ಯಾನ್ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಬಾಗಿಲು ತಳ್ಳಿಕೊಂಡು ಅತ್ತಿಗೆ ಬಂದರು, ಕೈಯಲ್ಲಿ ಬಟ್ಟೆಯ ಚೀಲ. ಯಾರು ಹೇಳಿದ್ದರೋ ಗೊತ್ತಿಲ್ಲ. ತಬ್ಬಿಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಿಟಕಿ ತೆರೆದು, ನನ್ನ ಹತ್ತಿರ ಕೂತರು.

"ಏಳು. ಮುಖ ತೊಳ್ಕೊಂಡು ಬಾ."

"ಆಮ್ಯಾಲ ಏನ್ ಮಾಡ್ಲಿ ಅತ್ತಿಗಿ?"

"ನೀ ತೊಳ್ಕೊಂಡು ಬಾ ಮೊದಲ. ಆಮ್ಯಾಲಿಂದು ಆಮ್ಯಾಲ ಹೇಳತೀನಿ."

ನಾನು ಎದ್ದು ಬಚ್ಚಲಿಗೆ ಹೋದೆ. ಮುಖ ತೊಳೆದುಕೊಂಡು ಬಂದೆ. ಅವರು ಮುಂದಿನದನ್ನು ಹೇಳಿದರು.