ನೀರಿಗೆ ಬಿಟ್ಟುಕೊಟ್ಟ ಮನೆ

ನನಗೂ ಒಂದು ಕಾಲಕ್ಕೆ ಮಂಗಳೂರು ಹಂಚಿನ ಮನೆ ಇತ್ತು. ಗೋಡೆ ಇರಲಿಲ್ಲ, ಹಂಚೂ ಇರಲಿಲ್ಲ, ಬಾಗಿಲಂತೂ ಇರಲೇ ಇಲ್ಲ. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳಿದ್ದವು, ಅಷ್ಟೇ. ಆ ಗೆರೆಗಳೊಳಗೆ ಒಲೆ ಎಲ್ಲಿರಬೇಕು, ನೀರಿನ ಹಂಡೆ ಎಲ್ಲಿರಬೇಕು, ಮಗಳ ಜೋಲಿ ಯಾವ ಮೂಲೆಗೆ ಬರಬೇಕು ಎಂದೆಲ್ಲ ನಾನು ಗೊತ್ತುಮಾಡಿಕೊಂಡಿದ್ದೆ. ಒಂದು ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ ಗೆರೆಯೊಳಗೆ ಹೋಗಿ ಕೂತು ಎಲೆಯಡಿಕೆ ಹಾಕಿಕೊಂಡು ಬಂದಿದ್ದೆ. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಸ್ವಂತ ಬಾಗಿಲಿಲ್ಲದ ಮನೆಯಲ್ಲಿ ಬಾಳಿದವರಿಗೆ ಗೊತ್ತು ಅದರ ರುಚಿ.

ಐವತ್ತರ ದಶಕದ ನಡುವಿನ ಮಾತು. ನಮ್ಮ ತಾಲೂಕು ಬಳ್ಳಾರಿಯನ್ನು ಬಿಟ್ಟು ಕರ್ನೂಲಿಗೆ ಸೇರಿ ಇನ್ನೂ ಹೊಸತು. ಊರು ಆದೋನಿಗೆ ಅಂಟಿಕೊಂಡಂತೆಯೇ ಇತ್ತು. ಬೆಳಿಗ್ಗೆ ಹತ್ತಿ ಫ್ಯಾಕ್ಟರಿಯ ಕೂಗು ನಮ್ಮ ಅಂಗಳಕ್ಕೆ ಕೇಳಿಸುತ್ತಿತ್ತು, ಅದು ಕೇಳಿದ ಕೂಡಲೇ ನನ್ನ ಗಂಡ ರೊಟ್ಟಿ ಗಂಟು ಹಿಡಿದು ಓಡುತ್ತಿದ್ದ. ಅಲ್ಲಿ ಅವನು ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಕೆಲಸಗಾರ. ಅವನ ಅಣ್ಣ ಕುರಿ ಕಾಯುತ್ತಿದ್ದ. ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಪಡಸಾಲೆಯಲ್ಲಿ ಕುರಿಮರಿಗಳು, ನಡುಮನೆಯಲ್ಲಿ ಭಾವನ ಸಂಸಾರ, ಒಲೆಯ ಪಕ್ಕ ಅತ್ತೆ. ನಮ್ಮಿಬ್ಬರಿಗೆ ಹಿಂದಿನ ಗೋಡೆಯ ಮಗ್ಗುಲಲ್ಲಿ ಜೋಳದ ಚೀಲಗಳ ಸಾಲು ಅಡ್ಡವಿಟ್ಟ ಒಂದಿಷ್ಟು ಜಾಗ. ಚೀಲ ಖಾಲಿಯಾದಂತೆಲ್ಲ ನಮ್ಮ ಮರೆಯೂ ಖಾಲಿಯಾಗುತ್ತಿತ್ತು. ಆಷಾಢ ಬರುವಷ್ಟರಲ್ಲಿ ಗಂಡಹೆಂಡತಿ ಕಣ್ಸನ್ನೆಯಲ್ಲೇ ಮಾತಾಡಬೇಕು.

ಅತ್ತೆ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಎರಡು ಗಂಡುಮಕ್ಕಳನ್ನು ಸಾಕಿ ಮನೆಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡಾಕೆ. ಆಕೆಯ ಕಟ್ಟುಪಾಡುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಚಪ್ಪಲಿಯದು. ಹೊಸ್ತಿಲ ಆಚೆಗೇ ಬಿಡಬೇಕು. ಕುರಿಗಳು ಹಿಕ್ಕೆ ಹಾಕುವ ಪಡಸಾಲೆಯಾದರೂ ಸರಿ, ಚಪ್ಪಲಿ ಮಾತ್ರ ಬರಕೂಡದು.

ಆ ಬೇಸಿಗೆಯಲ್ಲಿ ಆದೋನಿಯ ಹತ್ತಿ ಸಾಹುಕಾರರ ಗುಮಾಸ್ತ ಊರಿಗೆ ಬಂದ. ಕೆಳಗಿನ ಓಣಿಗೂ ಹಳ್ಳಕ್ಕೂ ನಡುವೆ ಇದ್ದ ಚೌಳು ನೆಲವನ್ನು ಸಾಹುಕಾರರು ಊರಿನ ದೊಡ್ಡ ಮನೆಯವರಿಂದ ಕೊಂಡಿದ್ದರು. ಅಲ್ಲಿ ಗರಸಿನ ಕಲ್ಲುಮಣ್ಣು ಹೊಡೆಸಿ, ನೆಲ ಎತ್ತರ ಮಾಡಿ, ಫ್ಯಾಕ್ಟರಿಯವರಿಗೂ ಸರಕಾರಿ ನೌಕರರಿಗೂ ಸಾಲು ಮನೆ ಕಟ್ಟಿಸುತ್ತಾರಂತೆ. ಹಂಚಿನ ಸೂರು, ಬೇತಂಚೆರ್ಲ ಬಂಡೆ ಹಾಸಿದ ನೆಲ, ಒಂದೊಂದು ಮನೆಗೂ ಬೇರೆ ಬೇರೆ ಬಾಗಿಲು. ಮನೆ ಸಿಗುವವರ ಪಟ್ಟಿಯಲ್ಲಿ ನನ್ನ ಗಂಡನ ಹೆಸರೂ ಬಂದಿದೆ ಎಂದು ಹೇಳಲು ಗುಮಾಸ್ತ ನಮ್ಮ ಮನೆಯೊಳಕ್ಕೆ ಕಾಲಿಟ್ಟ, ಚಪ್ಪಲಿ ಸಮೇತ.

“ಏ ಯಪ್ಪಾ, ಚಪ್ಪಲಿ ಹೊರಗ ಬಿಡು,” ಎಂದಳು ಅತ್ತೆ. “ಮನಿ ಐತಿ ಇದು, ಸಂತಿ ಅಲ್ಲ.”

ಅವನು ತಬ್ಬಿಬ್ಬಾಗಿ ಹೊರಗೆ ಹೋಗಿ ಬಿಟ್ಟು ಬಂದ. ಆದರೆ ನನಗೆ ಅವನ ಚಪ್ಪಲಿ ಕಾಣಲೇ ಇಲ್ಲ. ಬೇರೆ ಬಾಗಿಲು ಎಂಬ ಮಾತಷ್ಟೇ ಕಿವಿಯೊಳಗೆ ಉಳಿದಿತ್ತು.

ಚೌಳಿನ ವಿಷಯ ಇಲ್ಲಿ ಹೇಳಬೇಕು. ನಮ್ಮ ಕಡೆಯ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಸೊಪ್ಪುಸದೆ, ಕೊನೆಗೆ ಚೌಳು ಮಣ್ಣು. ಉಪ್ಪು ತುಂಬಿದ ಬೂದು ಬಣ್ಣದ ಮಣ್ಣು ಅದು. ಮಳೆ ಬಿದ್ದರೆ ಕುಡಿಯುವುದಿಲ್ಲ, ಮೇಲಿಂದ ಮೇಲೆ ಜಾರಿಸಿಬಿಡುತ್ತದೆ. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಚೌಳು ಹೊತ್ತು ತಂದು ಮಾಳಿಗೆಯ ಮೇಲೆ ಹರಡುವುದು ಹೆಂಗಸರ ಕೆಲಸ. ಗಂಡಸರು ಏಣಿ ಹಿಡಿದು ನಿಂತು ಉಪದೇಶ ಮಾಡುವರು. ನೀರು ನಿಂತು ಒಣಗಿದ ಕಡೆಯಲ್ಲೇ ಚೌಳು ಹೊರಗೆ ಏಳುತ್ತದೆ. ಹೆಚ್ಚು ನೀರು ಹಾಯ್ದ ಕಡೆ ಹೆಚ್ಚು ಬೆಳ್ಳಗೆ. ಹೀಗಾಗಿ ಆ ನೆಲದಲ್ಲಿ ಮಳೆಗಾಲದ ನೀರು ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಎಂಬುದು ಬುಟ್ಟಿ ಹೊತ್ತ ಪ್ರತಿಯೊಬ್ಬಳ ಕಾಲಿಗೂ ಗೊತ್ತಿತ್ತು.

ಆ ಸಾಲು ಮನೆಗಳ ವಿರುದ್ಧ ಊರು ಎದ್ದು ನಿಂತದ್ದು ಅದಕ್ಕೇ. ಮೇಲಿನ ಎರೆ ಹೊಲಗಳ ನೀರೆಲ್ಲ ಆ ಚೌಳು ನೆಲ ದಾಟಿ ಹಳ್ಳಕ್ಕೆ ಬೀಳಬೇಕು. ಅಡ್ಡಲಾಗಿ ಗರಸು ಹೊಡೆದರೆ ನೀರು ಕೆಳಗಿನ ಓಣಿಗೇ ತಿರುಗುತ್ತದೆ. ಮಣ್ಣಿನ ಗೋಡೆಯ ಬುಡದಲ್ಲಿ ನೀರು ನಿಂತರೆ ಮಾಳಿಗೆಯ ಭಾರಕ್ಕೆ ಗೋಡೆ ಕುಸಿದು ಕೂರುತ್ತದೆ, ಒಳಗೆ ಯಾರಿದ್ದಾರೆ ಎಂದು ಕೇಳುವುದಿಲ್ಲ. ಹಿರಿಯರು ಆದೋನಿಯ ಕಚೇರಿಗೆ ಹೋದರು, ನೋಡೋಣ ಎನ್ನಿಸಿಕೊಂಡು ಬಂದರು. ಮತ್ತೆ ಹೋದರು, ಮತ್ತೆ ನೋಡೋಣ. ಅಷ್ಟರಲ್ಲಿ ಸುಣ್ಣದ ಗೆರೆಗಳು ಬಿದ್ದವು, ಗರಸಿನ ಗಾಡಿಗಳು ಬಂದವು.

ಅತ್ತೆ ಓಣಿಯ ಹೆಂಗಸರನ್ನೆಲ್ಲ ಬುಟ್ಟಿ ಸಮೇತ ಎಬ್ಬಿಸಿಕೊಂಡು ಹೋಗಿ ಗಾಡಿಗಳ ಮುಂದೆ ಕೂರಿಸಿದಳು. ಸೊಸೆ ಬಾರದಿದ್ದರೆ ಹೇಗೆ? ನಾನೂ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಮೈ ಗಾಡಿಗೆ ಅಡ್ಡ ಕೂತಿತ್ತು, ಮನಸ್ಸು ಎತ್ತುಗಳ ಬೆನ್ನು ಚಪ್ಪರಿಸುತ್ತಿತ್ತು. ಗಾಡಿ ಹೊಡೆಯುವವರು ಪೆದ್ದಕಡುಬೂರು ಕಡೆಯವರು, ಅರ್ಧ ಜನ ನಮ್ಮೂರಿಗೆ ಬೀಗರು. ಅಕ್ಕ, ಅತ್ತೆ, ಚಿಕ್ಕಮ್ಮಂದಿರ ಮೇಲೆ ಗಾಡಿ ಹಾಯಿಸುವುದುಂಟೇ? ಎತ್ತು ಬಿಚ್ಚಿ ನೆರಳಿಗೆ ಕಟ್ಟಿ, ನಮ್ಮ ರೊಟ್ಟಿ ಪುಂಡಿಪಲ್ಯವನ್ನೇ ಉಂಡು ಮಲಗಿದರು.

ಮೊದಲ ದಿನದ ರಾಗ ಎಲ್ಲ ದಿನವೂ. ಗುಮಾಸ್ತ ಬರುವನು, ಕೂಗಾಡುವನು, ಹೋಗುವನು. ಅತ್ತೆಯದು ಒಂದೇ ಮಾತು: “ಮನಿ ಕಟ್ಟಬ್ಯಾಡ್ರಿ ಅನ್ನಂಗಿಲ್ಲ ನಾವು. ನೀರಿಗೆ ದಾರಿ ಬಿಟ್ಟು ಕಟ್ರಿ.”

ಮನೆಯಲ್ಲಿ ನನ್ನ ಗಂಡ ತಾಯಿಗೆ ಹೇಳಲಾರದ್ದನ್ನು ನನಗೆ ಹೇಳುತ್ತಿದ್ದ. “ನಮ್ಮವ್ವಗ ಹೇಳವ್ರು ಯಾರಿಲ್ಲ. ಸಾವ್ಕಾರಗ ಸಿಟ್ಟು ಬಂತಂದ್ರ ಮನಿನೂ ಹೋತು, ಕೆಲಸಾನೂ ಹೋತು.” ನಾನು ಚೀಲದ ಮರೆಯಿಂದ ಹೂಂ ಎನ್ನುತ್ತಿದ್ದೆ. ನನಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟು. ಅವಳಿಗೇನು, ಅವಳ ಸಂಸಾರ ಮುಗಿದಿದೆ ಎಂದುಕೊಳ್ಳುತ್ತಿದ್ದೆ. ಹಿಂದಿನ ಗೋಡೆಗೆ ಒರಗಿದರೆ ಬೇಸಿಗೆಯಲ್ಲೂ ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ಹಿಂದಿನ ಮಳೆಗಾಲದ ತೇವ ಇನ್ನೂ ಆರಿರಲಿಲ್ಲ. ಜೋಲಿ ಕಟ್ಟಿದ ತೊಲೆ ಕೂತಿದ್ದು ಅದೇ ಗೋಡೆಯ ಮೇಲೆ.

ಕೊನೆಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದ. ಕೃಷ್ಣಾ ತೀರದ ಕಡೆಯ ತೆಲುಗಿನವನು, ವಯಸ್ಸು ಚಿಕ್ಕದು, ಮಾತು ಮೆತ್ತಗೆ. ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡ. ಆದರೆ ಅದು ಸುಡುವ ಬೇಸಿಗೆ, ನೆಲ ಬಾಯಿಬಿಟ್ಟು ಬಿದ್ದಿತ್ತು. ಎತ್ತ ನೋಡಿದರೂ ಒಂದು ಹನಿ ನೀರಿನ ಗುರುತಿಲ್ಲ. ಅವನು ನೆಲವನ್ನೆಲ್ಲ ಒಮ್ಮೆ ನೋಡಿ ಕೇಳಿದ: “ನೀಳ್ಳು ಎಕ್ಕಡ ಪೋತಾಯಿ? ಚೂಪಿಂಚಂಡಿ.” ನೀರು ಎಲ್ಲಿ ಹೋಗುತ್ತದೆ, ತೋರಿಸಿ.

ಊರ ಗಂಡಸರು ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು. ಜೀವಮಾನದಲ್ಲಿ ಒಂದು ಬುಟ್ಟಿ ಚೌಳು ಹೊತ್ತವರಲ್ಲ, ಇನ್ನೇನು ತೋರಿಸಿಯಾರು? ಗುಮಾಸ್ತನ ಮುಖ ಅರಳಿತು. ಅತ್ತೆ ಮುಂದೆ ಬಂದಾಗ ಅವನು ಅಡ್ಡ ಬಾಯಿ ಹಾಕಿದ. ಈಕೆ ಮನೆಗಳಿಗೇ ವಿರೋಧ, ಬೇಕೆಂದ ಕಡೆ ಬೆರಳು ತೋರಿಸುತ್ತಾಳೆ, ಇವಳ ಮಾತು ನಂಬಬೇಡಿ ಸಾರ್ ಎಂದ.

 ಅತ್ತೆ ತಿರುಗಿ ನನ್ನ ಕಡೆ ನೋಡಿ, ಗುಮಾಸ್ತನಿಗೆ ಹೇಳಿದಳು:

“ಹಂಗಾರ ನನ್ ಸೊಸಿನ್ನ ಕೇಳ್ರಿ. ಆಕಿ ಗಂಡಗ ಇದ ಸಾಲಿನಾಗ ಮನಿ ಬಂದೈತಿ. ಆಕಿಗೂ ಅದ ಬೇಕಾಗೈತಿ, ಆಕಿ ನಿಮ್ ಕಡಿಯಾಕಿ. ಆಕಿ ತೋರಿಸಿದ್ದನ್ನರ ನಂಬ್ತೀರೋ ಇಲ್ಲೋ?”

 ನನ್ನ ಮನಸ್ಸು ಎತ್ತ ಇದೆ ಎಂದು ಈ ಹೆಂಗಸಿಗೆ ಮೊದಲಿನಿಂದ ಗೊತ್ತಿತ್ತು! ಗೊತ್ತಿದ್ದೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ಕೊಟ್ಟಿದ್ದಳು. ಈಗ ಊರೆಲ್ಲರ ಎದುರು ನಡುಬೀದಿಗೆ ನೂಕಿದ್ದಳು. ಅಂದು ಬಂದಷ್ಟು ಸಿಟ್ಟು ನನಗೆ ಬದುಕಿನಲ್ಲಿ ಯಾರ ಮೇಲೂ ಬಂದಿಲ್ಲ.

ನಾನು ಮಗಳನ್ನು ಅವಳ ಕೈಗೆ ಕೊಟ್ಟು ನಡೆದೆ. ನೀರಿನ ದಾರಿ ಎಲ್ಲಿ ಎಂದು ಹುಡುಕುವ ಕೆಲಸವೇ ಇರಲಿಲ್ಲ. ನನ್ನ ಒಲೆ ಇರಬೇಕಾದ ಮೂಲೆಯಿಂದ ಹಿಡಿದು ನನ್ನ ಹೊಸ್ತಿಲಿನವರೆಗೆ ನೆಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಎಲೆಯಡಿಕೆ ಹಾಕಿಕೊಂಡು ಕೂತ ದಿನವೇ ಅದನ್ನು ನೋಡಿದ್ದೆ, ನೋಡಿದರೂ ನೋಡದವಳ ಹಾಗೆ ಎದ್ದು ಬಂದಿದ್ದೆ. ಗೆರೆಗಳ ಹತ್ತಿರ ಬಂದಾಗ ಕಾಲು ತಾನಾಗಿ ಪಕ್ಕಕ್ಕೆ ತಿರುಗಿತು. ಪಕ್ಕದ ಮನೆ ಯಾರೋ ಗೊತ್ತಿಲ್ಲದವರದು. ಅಲ್ಲಿ ನಿಂತು ಇಲ್ಲೇ ಎಂದಿದ್ದರೆ ಯಾರೂ ಅನುಮಾನಪಡುತ್ತಿರಲಿಲ್ಲ. ಗುಮಾಸ್ತನೂ ಒಪ್ಪಲೇಬೇಕಾಗುತ್ತಿತ್ತು. ಆದರೆ ನೀರು ಒಪ್ಪುತ್ತಿರಲಿಲ್ಲ. ಅದು ನನ್ನ ಹಂಚಿನ ಮನೆಯ ಗೋಡೆಗೆ ಬಡಿದು, ತಿರುಗಿ, ಓಣಿಗೆ ಬಂದು, ಆ ತೇವದ ಗೋಡೆಯ ಬುಡದಲ್ಲಿ ನಿಲ್ಲುತ್ತಿತ್ತು. ಆ ಗೋಡೆಯ ಮಗ್ಗುಲಲ್ಲಿ ಜೋಲಿ ತೂಗುವಾಗ ಕೈಗೆ ಹತ್ತುತ್ತಿದ್ದ ತಂಪು ನೆನಪಾಯಿತು. ನಾವು ಹೊಸ ಮನೆಗೆ ಹೋದರೂ ಆ ಗೋಡೆಯ ಹಿಂದೆ ಭಾವನ ಮಕ್ಕಳು ಮಲಗುತ್ತಾರೆ.

ಹೋಗಿ ನನ್ನ ಗೆರೆಗಳೊಳಗೆ ನಿಂತೆ. “ಇಲ್ಲೇ ಸಾರ್,” ಎಂದೆ. “ಇಕ್ಕಡೇ ಪೋತಾಯಿ.”

ಅಧಿಕಾರಿ ಹತ್ತಿರ ಬಂದು, “ಇದಿ ಎವರಿ ಇಲ್ಲು?” ಎಂದ. ಇದು ಯಾರ ಮನೆ ಎಂದು ಅವನು ಕೇಳಿದ್ದು ಗುಮಾಸ್ತನನ್ನು. ಗುಮಾಸ್ತ ಪಟ್ಟಿ ತಿರುವಿ ಹಾಕತೊಡಗಿದ. ನಾನೇ ಹೇಳಿದೆ, “ಮಾದೇ ಸಾರ್.” ನಮ್ಮದೇ.  ನನ್ನ ಮನೆ ಎಂದು ಊರೆಲ್ಲ ಕೇಳುವ ಹಾಗೆ ನಾನು ಹೇಳಿದ್ದು ಅದೊಂದೇ ಸಲ.

ಅಲ್ಲಿಗೆ ಮಾತು ತೀರ್ಮಾನವಾಯಿತು. ಆ ಜಾಗವನ್ನು ಖಾಲಿ ಬಿಟ್ಟು, ಎರಡೂ ಬದಿಗೆ ಕಲ್ಲು ಕಟ್ಟಿ, ನೀರಿಗೆ ದಾರಿ ಮಾಡಿ ಉಳಿದ ಮನೆ ಕಟ್ಟಿಕೊಳ್ಳಿ ಎಂದು ಅಧಿಕಾರಿ ಅಪ್ಪಣೆ ಕೊಟ್ಟ. ಉಳಿದವೆಲ್ಲ ಆಗಲೇ ಒಬ್ಬೊಬ್ಬರ ಹೆಸರಿಗೆ ಹೋಗಿದ್ದವು, ನಮಗೆ ಬದಲಿ ಮನೆ ಸಿಗಲಿಲ್ಲ. ಸಾಹುಕಾರರು ಕೆಲಸ ತೆಗೆಯಲಿಲ್ಲ, ಅದೇ ದೊಡ್ಡದು. ನನ್ನ ಗಂಡ ಒಂದು ಮಾತಷ್ಟೇ ಆಡಿದ: “ನಮ್ ಬಾಯಿಗೆ ನಾವ ಮಣ್ಣು ಹಾಕ್ಕೊಂಡಂಗಾತು.” ಆಮೇಲೆ ಆ ಸುದ್ದಿ ತೆಗೆಯಲಿಲ್ಲ. ಅತ್ತೆಯಂತೂ ಭೇಷ್ ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ. ಮರುದಿನ ಬೆಳಿಗ್ಗೆ ಬುಟ್ಟಿ ನನ್ನ ಮುಂದೆ ಇಟ್ಟು, “ನಡಿ, ಮಾಳಿಗಿಗೆ ಇನ್ನ ಮಣ್ಣು ಹಾಕಿಲ್ಲ,” ಎಂದಳು. ಆ ವರ್ಷದ ಚೌಳನ್ನು ನಾನು ನನ್ನ ಅಡುಗೆಮನೆಯಿಂದಲೇ ಅಗೆದು ಹೊತ್ತೆ.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಹಗಲೆಲ್ಲ ಸುರಿದು ಸಂಜೆಗೆ ಒಂದಿಷ್ಟು ಹೊಳವಾದಾಗ ಗೋಣಿಚೀಲ ಹೊದ್ದು ಮಾಳಿಗೆ ಹತ್ತಿದೆ. ಮೇಲಿನ ಹೊಲಗಳ ರಾಡಿ ನೀರು ಓಣಿಯ ಅಂಚಿಗೆ ಬಂದು, ಅಲ್ಲಿಂದ ಹೊಸ ಮನೆಗಳ ಸಾಲಿನ ನಡುವಿನ ಖಾಲಿ ಜಾಗಕ್ಕೆ ನುಗ್ಗುತ್ತಿತ್ತು. ನನ್ನ ಮುಂಬಾಗಿಲಿಂದ ಒಳಗೆ ಹೋಗಿ, ಒಲೆಯ ಮೂಲೆಯಲ್ಲಿ ಒಮ್ಮೆ ಸುತ್ತಿ, ಹಿತ್ತಿಲ ಕಡೆಯಿಂದ ಹಳ್ಳಕ್ಕೆ ಇಳಿಯುತ್ತಿತ್ತು. ನಮ್ಮ ಗೋಡೆಗೆ ಏನೂ ಆಗಲಿಲ್ಲ. ಓಣಿಯಲ್ಲಿ ಜನ ಸಮಾಧಾನದಿಂದ ಕೂಗಾಡುತ್ತಿದ್ದರು. ನಾನು ಮೇಲೆ ನಿಂತು ಅತ್ತುಬಿಟ್ಟೆ. ಸಂತೋಷಕ್ಕಲ್ಲ. ಆ ನೀರನ್ನು ಕಂಡು ಹೊಟ್ಟೆಕಿಚ್ಚಾಗಿತ್ತು, ಅಷ್ಟು ದೊಡ್ಡ ಮನೆ ಅದಕ್ಕೊಂದಕ್ಕೇ ಸಿಕ್ಕಿತಲ್ಲ ಎಂದು. ಆವತ್ತು ನಾನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳಿದರು, ನನಗೂ ಗೊತ್ತು. ಆದರೆ ಆ ಮನೆ ಬೇಕೆಂದು ಆಸೆಪಟ್ಟದ್ದು ತಪ್ಪೆಂದು ನಾನು ಈವತ್ತಿಗೂ ಒಪ್ಪುವುದಿಲ್ಲ.

ವರ್ಷಗಳು ಹೋದವು. ಹೊಸ ಸಾಲಿನಲ್ಲಿ ಸಂಸಾರಗಳು ತುಂಬಿಕೊಂಡವು. ಮಳೆಯಿಲ್ಲದ ತಿಂಗಳುಗಳಲ್ಲಿ ಆ ಖಾಲಿ ಜಾಗ ಆದೋನಿಗೆ ಹೋಗುವವರ ಅಡ್ಡದಾರಿಯಾಯಿತು. ಗಾಡಿ, ಸೈಕಲ್ಲು, ಕುರಿಹಿಂಡು ಎಲ್ಲ ಅದರ ಮೇಲೆಯೇ. ನಾನು ಮಾತ್ರ ಸುತ್ತು ಹಾಕಿ ಹೋಗುತ್ತಿದ್ದೆ.

ಒಂದು ಸಲ ಸಂತೆಗೆಂದು ಅತ್ತೆಯ ಜೊತೆ ಹೊರಟೆ. ಆಗ ಆಕೆಗೆ ಮೊಣಕಾಲು ನೋವು ಶುರುವಾಗಿತ್ತು, ಸುತ್ತುದಾರಿ ಹಿಡಿಸಲು ಆಗಲಿಲ್ಲ. ನಾನು ಗಂಟು ಹೊತ್ತು ಹಿಂದೆ, ಆಕೆ ಮುಂದೆ. ಖಾಲಿ ಜಾಗದ ಅಂಚಿಗೆ ಬಂದವಳು ನಿಂತಳು. ಕಷ್ಟಪಟ್ಟು ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಬರಿಗಾಲಲ್ಲಿ ಆ ಜಾಗ ದಾಟಿ, ಆಚೆ ಅಂಚಿನಲ್ಲಿ ಮತ್ತೆ ಬಗ್ಗಿ ಹಾಕಿಕೊಂಡಳು. ಎಷ್ಟೋ ವರ್ಷದಿಂದ ರೂಢಿಯಾದ ಕೆಲಸದ ಹಾಗೆ, ಹಿಂದೆ ತಿರುಗಿಯೂ ನೋಡಲಿಲ್ಲ.

“ಅತ್ತಿ, ಜಾಲಿಮುಳ್ಳು ಅದಾವ ಅಲ್ಲಿ,” ಎಂದೆ. “ಯಾಕ ಚಪ್ಪಲಿ ತಗದ್ರಿ?”

“ಒಬ್ರ ಮನಿಯಾಗ ಚಪ್ಪಲಿ ಹಾಕ್ಕೊಂಡು ಹೊಕ್ಕಾರೇನ?” ಎಂದು ಬೈದು ಆಕೆ ಮುಂದೆ ನಡೆದಳು.

ನಾನು ಇನ್ನೂ ಈಚೆ ಅಂಚಿನಲ್ಲೇ ನಿಂತಿದ್ದೆ. ತಲೆಯ ಮೇಲಿನ ಗಂಟನ್ನು ಕೆಳಗಿಳಿಸಿ, ನನ್ನ ಚಪ್ಪಲಿಯನ್ನೂ ಬಿಚ್ಚಿದೆ.