ಅತ್ತೆಯನ್ನು ಹೊತ್ತು ತಿರುಗಿದ ಕ್ರೇನು

ನಮ್ಮ ಅಕ್ಕನ ಗಂಡನಿಗೆ ಎರಕದ ಕಾರ್ಖಾನೆಯಲ್ಲಿ 'ಮೇಲಿನವರು' ಎಂದು ಹೆಸರು. ದೇವರೆಂದೇನೂ ಅಲ್ಲ. ಶೆಡ್ಡಿನ ಸೂರಿನಡಿ, ಹಳಿಯ ಮೇಲೆ ಈ ತುದಿಯಿಂದ ಆ ತುದಿಗೆ ಓಡುವ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತಿರುತ್ತಿದ್ದರು, ಅಷ್ಟೆ. ನೆಲದ ಮೇಲೆ ನಿಂತು ಸರಪಳಿ ಬಿಗಿದು, ಎತ್ತು, ಇಳಿಸು, ನಿಲ್ಲಿಸು ಎಂದು ಕೈಸನ್ನೆ ಮಾಡುತ್ತಿದ್ದ ಅವರ ಗೆಳೆಯರೊಬ್ಬರಿಗೆ 'ಕೆಳಗಿನವರು' ಎಂದು ಹೆಸರು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು. ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ಆಯುಷ್ಯವೆಲ್ಲ ಕೈಯಲ್ಲೇ ಮಾತಾಡಿದವರು. "ನನ್ನ ಹತ್ರ ಇವರು ಬಾಯಲ್ಲೂ ಅಷ್ಟು ಮಾತಾಡಿಲ್ಲ" ಎಂದು ಅಕ್ಕ ಗೊಣಗುತ್ತಿದ್ದಳು.

ಭಾವ ಒಳ್ಳೆಯ ಕಾಲವನ್ನು ಕಂಡವರು. ಕರಗಿದ ಕಬ್ಬಿಣ ತುಂಬಿದ, ಆಳೆತ್ತರದ ಕೊಪ್ಪರಿಗೆಯನ್ನು ಕುಲುಕದೆ ಒಯ್ದು ಮರಳಿನ ಅಚ್ಚಿನ ಬಾಯಿಗೆ ಬಗ್ಗಿಸುತ್ತಿದ್ದರು. ಸ್ವಲ್ಪ ಆಚೀಚೆಯಾದರೂ ಕೆಳಗಿದ್ದವರ ಕತೆ ಮುಗಿಯಿತು. ಮನೆಯಲ್ಲಿ ಒಂದು ಲೋಟ ನೀರು ತಾ ಎಂದರೆ ಅರ್ಧ ನೆಲಕ್ಕೆ ಕುಡಿಸುವ ಮನುಷ್ಯ ಅಲ್ಲಿ ಹೇಗೆ ಮಾಡುತ್ತಿದ್ದರೋ, ನನಗಂತೂ ಸೋಜಿಗ.

ಆಮೇಲೆ ಹೊರದೇಶದಿಂದ ಅಗ್ಗದ ಎರಕ ಹಡಗು ಹಡಗಾಗಿ ಬಂದು ಇಳಿಯಿತು. ನಮ್ಮ ಕಾರ್ಖಾನೆಗೆ ಆರ್ಡರುಗಳು ನಿಂತವು, ಕುಲುಮೆ ಆರಿತು. ಮುಚ್ಚಿದರೆ ಊರೇ ಮುಳುಗುತ್ತದೆ ಎಂದು ಜನ ಬೀದಿಗಿಳಿದರು, ಸರ್ಕಾರ ವರ್ಷ ವರ್ಷ ಸಹಾಯಧನ ಕೊಡಲು ಒಪ್ಪಿತು. ಎರಡು ಷರತ್ತು ಹಾಕಿತು: ಹೊಸಬರನ್ನು ಸೇರಿಸಿಕೊಳ್ಳಬಾರದು, ಯಂತ್ರಗಳು ಓಡುತ್ತಿರಬೇಕು.

ಓಡುತ್ತಿರಬೇಕು, ಸರಿ, ಏನನ್ನು ಹೊತ್ತುಕೊಂಡು? ಅರ್ಧಕ್ಕೆ ನಿಂತ ಯಾವುದೋ ಕೆಲಸದ ಕಬ್ಬಿಣದ ದಿಮ್ಮಿಯೊಂದು ಮೂಲೆಯಲ್ಲಿ ಬಿದ್ದಿತ್ತು. ಬೆಳಿಗ್ಗೆ ಅದನ್ನು ಎತ್ತಿ ಆ ತುದಿಗೆ ಒಯ್ದು ಕೂರಿಸುವುದು, ಸಂಜೆ ಈ ತುದಿಗೆ ತಂದು ಕೂರಿಸುವುದು. ಅದೇ ಭಾವನ ಕೆಲಸವಾಯಿತು. ಆ ದಿಮ್ಮಿಗೆ ಕೆಲಸಗಾರರು 'ಅತ್ತೆ' ಎಂದು ಹೆಸರಿಟ್ಟರು. ಉಪಯೋಗಕ್ಕಿಲ್ಲ, ಆದರೆ ದಿನಾ ಜೋಪಾನವಾಗಿ ಎತ್ತಿ ಕೂರಿಸಬೇಕು. ಹೆಸರಿಟ್ಟವರು ಗಂಡಸರು, ಅತ್ತೆಯ ಭಾರ ಎಂಥದ್ದೆಂದು ಅವರಿಗೇನು ಗೊತ್ತು. ತಪಾಸಣೆಯ ಅಧಿಕಾರಿಗಳು ಬರುವ ದಿನ ಅತ್ತೆಗೆ ಬಣ್ಣ ಬಳಿಯುತ್ತಿದ್ದರು.

ನನ್ನದು ಮಾರುಕಟ್ಟೆ ಬೀದಿಯಲ್ಲಿ ಹೊಲಿಗೆ ಅಂಗಡಿ. ನಾಲಿಗೆ ಸ್ವಲ್ಪ ಉದ್ದ. ರಜೆಯ ದಿನ ಅಕ್ಕನ ಮನೆಗೆ ಊಟಕ್ಕೆ ಹೋದಾಗ ಸುಮ್ಮನಿರಲಾಗುತ್ತಿರಲಿಲ್ಲ.

"ನಾನು ದಾರ, ಗುಂಡಿಗೆಲ್ಲ ತೆರಿಗೆ ಕಟ್ತೀನಿ. ಅದರಲ್ಲಿ ನೀವು ಕಬ್ಬಿಣಕ್ಕೆ ಸವಾರಿ ಮಾಡಿಸ್ತೀರಿ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ, ಭಾವ."

"ನಾನು ಮೊದಲಿಂದಾನೂ ಕೂತೇ ಕೆಲಸ ಮಾಡೋನಲ್ವಾ" ಎಂದು ಭಾವ ನಗುತ್ತಿದ್ದರು.

ಅಕ್ಕ ನಗುತ್ತಿರಲಿಲ್ಲ. "ನಿನ್ನ ಅಂಗಡೀಲಿ ಬಟ್ಟೆ ಹೊಲಿಸೋರು ಯಾರು? ಕಾರ್ಖಾನೆಯವರೇ ತಾನೆ? ಆ ಸರ್ಕಾರದ ದುಡ್ಡು ನಿನ್ನ ತಟ್ಟೆಗೂ ಬಂದಿದೆ, ತೆಪ್ಪಗೆ ಉಣ್ಣು."

ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಆ ಸಂಬಳದಲ್ಲಿ ಅಕ್ಕನ ಮಗಳು ಓದಿ ನರ್ಸ್ ಆದಳು. ಆ ಬೀದಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ಆದರೆ ಹೊಳೆಯುವ ಕೊಪ್ಪರಿಗೆಯ ಮಾತು ಬಂದರೆ ಊಟ ಮರೆಯುತ್ತಿದ್ದ ಭಾವ ವರ್ಷ ಕಳೆದಂತೆ ಕಾರ್ಖಾನೆಯ ಮಾತನ್ನೇ ಎತ್ತದಾದರು. ಕೆಲಸ ಹೇಗಿತ್ತು ಎಂದು ಕೇಳಿದರೆ, "ಅತ್ತೆ ಚೆನ್ನಾಗಿದ್ದಾಳೆ" ಎನ್ನುತ್ತಿದ್ದರು. ಅದನ್ನು ಕೇಳಿ ನನಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲಾಮೇಲೆ ಕೇಳುವುದನ್ನೇ ಬಿಟ್ಟೆ.

ಹೀಗಿರುವಾಗ ಸರ್ಕಾರ ಬದಲಾಯಿತು. ಹೊಸಬರು, ಇನ್ನು ಸುಮ್ಮನೆ ಕೊಡುವುದಿಲ್ಲ ಎಂದರು. ಒಂದು ದೊಡ್ಡ ಎರಕದ ಆರ್ಡರ್ ಕೊಡಿಸುತ್ತೇವೆ, ಅಧಿಕಾರಿಗಳ ಕಣ್ಣೆದುರೇ ಹೊಯ್ದು ತೋರಿಸಿ. ತೋರಿಸಿದರೆ ಸಹಾಯಧನ ಮುಂದುವರಿಯುತ್ತದೆ, ಇಲ್ಲದಿದ್ದರೆ ಬೀಗ. ಊರಿಗೆ ಹೋದ ಜೀವ ಬಂದಂತಾಯಿತು. ಆರಿದ ಕುಲುಮೆಯನ್ನು ರಿಪೇರಿ ಮಾಡಿದರು. ಎಲ್ಲರಿಗೂ ಹೊಸ ಸಮವಸ್ತ್ರ ಹೊಲಿಯುವ ಕೆಲಸ ನನಗೇ ಸಿಕ್ಕಿತು. ಬೇಡ ಎನ್ನಲಿಲ್ಲ.

ಅಳತೆ ಕೊಡಲು ಭಾವ ಮತ್ತು ಕೆಳಗಿನವರು ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ತೋಳಿನ ಅಳತೆ ತೆಗೆಯುವಾಗ ಟೇಪಿನ ತುದಿಯನ್ನು ಭಾವನ ಬಲಗೈ ಹತ್ತಿರ ಚಾಚಿ, "ಇದನ್ನ ಹಿಡ್ಕೊಳ್ಳಿ" ಎಂದೆ. ಅವರು ನೇರವಾಗಿ ನೋಡುತ್ತ ಗಾಳಿಯಲ್ಲಿ ಕೈ ಆಡಿಸಿದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಟೇಪನ್ನು ಅವರ ಕಿವಿಯ ಪಕ್ಕ ಅಲ್ಲಾಡಿಸಿದೆ. ರೆಪ್ಪೆ ಕೂಡ ಹೊಡೆಯಲಿಲ್ಲ.

"ಭಾವ, ಏನಿದು?"

ಅವರು ಸ್ಟೂಲಿನ ಮೇಲೆ ಕೂತರು. "ಪಕ್ಕದ್ದು ಕಾಣಲ್ಲ. ಎದುರಿಗೆ ಮಾತ್ರ, ಕೊಳವೆಯೊಳಗೆ ನೋಡಿದ ಹಾಗೆ. ಡಾಕ್ಟರಿಗೆ ತೋರಿಸಿದೆ, ಹೋಗಿದ್ದು ಬರಲ್ಲ ಅಂದ್ರು. ನಿಮ್ಮಕ್ಕನಿಗೆ ಹೇಳ್ಬೇಡ."

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇತ್ತು. ಗೋಡೆಯ ಮೇಲಿನ ಅಕ್ಷರ ಎದುರಿಗೇ ಇರುವುದರಿಂದ ಸಲೀಸಾಗಿ ಓದಿ ಪಾಸಾಗುತ್ತಿದ್ದರಂತೆ. ಅತ್ತೆಯನ್ನು ಒಯ್ಯಲು ಅಷ್ಟು ಕಣ್ಣು ಸಾಕು.

ಬೆಂಚಿನ ಮೇಲಿದ್ದ ಕೆಳಗಿನವರು ತಲೆಯೆತ್ತಲಿಲ್ಲ. "ನನಗೆ ಯಾವಾಗ್ಲೋ ಗೊತ್ತಾಗಿದೆ" ಎಂದರು. "ಪಕ್ಕಕ್ಕೆ ನಿಂತು ಸನ್ನೆ ಮಾಡಿದ್ರೆ ನೀನು ಅಲ್ಲಾಡ್ತಿರಲಿಲ್ಲ. ಅದಕ್ಕೆ ಎದುರಿಗೆ ಬಂದು ನಿಲ್ಲೋದು ಅಭ್ಯಾಸ ಮಾಡ್ಕೊಂಡೆ."

ಭಾವ ಪೂರ್ತಿ ಅವರ ಕಡೆಗೆ ತಿರುಗಿ ಕೂತರು. ತಮ್ಮ ಗುಟ್ಟನ್ನು ಇನ್ನೊಬ್ಬರು ಹೊತ್ತಿದ್ದರೆಂದು ತಿಳಿದ ಮುಖ ಅದು. ನಾನು ಟೇಪನ್ನು ಸುತ್ತಿಟ್ಟೆ.

ಬೇರೆ ಕ್ರೇನ್ ಚಾಲಕರಿರಲಿಲ್ಲ. ಒಬ್ಬರು ನಿವೃತ್ತರಾಗಿ ಊರು ಬಿಟ್ಟಿದ್ದರು, ಇನ್ನೊಬ್ಬರು ತೀರಿಕೊಂಡಿದ್ದರು, ಹೊಸಬರನ್ನು ಸೇರಿಸಿಕೊಳ್ಳಲು ಸರ್ಕಾರ ಬಿಟ್ಟಿರಲಿಲ್ಲ. ಕಾರ್ಖಾನೆಯನ್ನು ಸಾಯಲೂ ಬಿಡದೆ ಬದುಕಲೂ ಬಿಡದೆ ಇಟ್ಟುಕೊಂಡರಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. ದುಡ್ಡು ಕೊಟ್ಟಿದ್ದಕ್ಕಲ್ಲ.

ಭಾವ ಮರುದಿನವೇ ಮ್ಯಾನೇಜರ ಬಳಿ ಹೋಗಿ ಇದ್ದದ್ದನ್ನು ಹೇಳಿದರು. ಮ್ಯಾನೇಜರು ಬಾಗಿಲು ಹಾಕಿದರಂತೆ. "ಒಂದೇ ಒಂದು ಸಲ ಹೊಯ್ದುಬಿಡಿ. ಆಮೇಲೆ ಬೇರೆಯವರನ್ನ ತಯಾರು ಮಾಡೋಣ. ಇಷ್ಟು ಸಂಸಾರಗಳು ನಿಮ್ಮ ಕೈಯಲ್ಲಿವೆ." ಕೆಳಗಿನವರೂ ಅದಕ್ಕೆ ದನಿಗೂಡಿಸಿದರು. ಸಾಮಾನ್ಯವಾಗಿ ಸನ್ನೆ ಮಾಡುವವನು ದೂರ, ಪಕ್ಕಕ್ಕೆ ನಿಲ್ಲಬೇಕು. ಭಾವನಿಗೆ ಕಾಣಬೇಕೆಂದರೆ ಅಚ್ಚಿನ ಬುಡದಲ್ಲೇ, ಕೊಪ್ಪರಿಗೆ ಬಗ್ಗುವ ಕಡೆಗೇ ನಿಲ್ಲಬೇಕು. "ನಾನು ನಿಂತ್ಕೋತೀನಿ, ನೀನು ಹತ್ತು" ಎಂದರು. ಅವರಿಗೂ ಇನ್ನೂ ಓದುವ ಇಬ್ಬರು ಮಕ್ಕಳಿದ್ದರು. ಭಾವ ಹೂಂ ಎಂದು ಬಂದರು.

ಎರಕದ ದಿನ ನಾನೂ ಹೋಗಿದ್ದೆ. ಅಧಿಕಾರಿಗಳು ಹೊಸ ಹೆಲ್ಮೆಟ್ ಹಾಕಿಕೊಂಡು ಕುರ್ಚಿಗಳಲ್ಲಿ ಕೂತಿದ್ದರು. ಕೊಪ್ಪರಿಗೆ ತುಂಬಿ ತಯಾರಾಗಿತ್ತು, ಶೆಡ್ಡೆಲ್ಲ ಕಿತ್ತಳೆ ಬೆಳಕು. ನಾನು ಹೊಲಿದ ಅಂಗಿ ತೊಟ್ಟ ಭಾವ ಕಬ್ಬಿಣದ ಏಣಿಯ ಬುಡಕ್ಕೆ ಬಂದರು. ಕೆಳಗಿನವರು ಆಗಲೇ ಅಚ್ಚಿನ ಬುಡದಲ್ಲಿ ನಿಂತಿದ್ದರು. ಭಾವ ಅವರನ್ನು ನೋಡಿದರು. ಏಣಿಯ ಮೇಲಿಟ್ಟ ಕೈಯನ್ನು ತೆಗೆದರು. ಕುರ್ಚಿಗಳ ಕಡೆ ತಿರುಗಿ, "ನನಗೆ ಕಣ್ಣು ಕಾಣಲ್ಲ, ಸಾರ್" ಎಂದರು.

ಕರಗಿದ ಕಬ್ಬಿಣವನ್ನು ನೆಲದ ಗುಂಡಿಗೆ ಹರಿಸಿ ಹಾಳು ಮಾಡಬೇಕಾಯಿತು. ಅಧಿಕಾರಿಗಳು ಊಟಕ್ಕೂ ನಿಲ್ಲಲಿಲ್ಲ. ಕೆಲವೇ ತಿಂಗಳಲ್ಲಿ ಗೇಟಿಗೆ ಬೀಗ ಬಿತ್ತು.

ಊರಿನವರು ಸರ್ಕಾರವನ್ನು ಬೈಯಲಿಲ್ಲ, ಅಗ್ಗದ ಎರಕವನ್ನೂ ಬೈಯಲಿಲ್ಲ. ಅವರೆಲ್ಲ ಕೈಗೆ ಸಿಗುವವರಲ್ಲ. ಭಾವ ಸಿಗುತ್ತಿದ್ದರು. ಅವರು ಬಂದರೆ ಅಂಗಡಿ ಕಟ್ಟೆಯ ಮೇಲಿದ್ದವರು ಎದ್ದು ಹೋಗುತ್ತಿದ್ದರು. ಪಕ್ಕದಲ್ಲಿ ಹಾದುಹೋಗುತ್ತ ಉಗಿದವರನ್ನು ಅವರು ನೋಡಲಿಲ್ಲ, ಜೊತೆಗಿದ್ದ ಅಕ್ಕ ನೋಡಿದಳು. ನನ್ನ ಅಂಗಡಿಯ ಎರಡು ಯಂತ್ರಗಳಲ್ಲಿ ಒಂದನ್ನು ಮಾರಿದೆ. ಕೆಳಗಿನವರು ಬೇರೆ ಪಟ್ಟಣದ ಗೋದಾಮೊಂದರಲ್ಲಿ ಕಾವಲು ಕೆಲಸಕ್ಕೆ ಸೇರಿ ಸಂಸಾರ ಸಮೇತ ಹೊರಟುಹೋದರು. ಹೋಗುವಾಗ ಹೇಳಿ ಹೋಗಲಿಲ್ಲ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಬಂದರು. ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವನಿಗೆ ಅಷ್ಟರಲ್ಲಿ ಎದುರಿನದೂ ಮಸುಕಾಗಿತ್ತು, ದನಿಯಿಂದ ಗುರುತಿಸಿದರು. ಅಕ್ಕ ಟೀ ಕೊಟ್ಟಳು.

ಲೋಟ ಪಕ್ಕಕ್ಕಿಟ್ಟು ಕೆಳಗಿನವರೇ ಕೇಳಿದರು. "ಅವತ್ತು ನಾನು ನಿಂತಿದ್ದೆ. ನೀನು ಹತ್ತಲಿಲ್ಲ. ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವಾ?"

"ಇತ್ತು" ಎಂದರು ಭಾವ. "ಏನೇ ಆದ್ರೂ ನೀನು ಅಲ್ಲಿಂದ ಓಡಲ್ಲ ಅಂತ ಗೊತ್ತಿತ್ತು. ಅದಕ್ಕೇ ಹತ್ತಲಿಲ್ಲ."