ಕಂಡಕ್ಟರರ ಗಾಜಿನ ತೊಟ್ಟಿ

ಕೆಲಸದಲ್ಲಿದ್ದಷ್ಟು ಕಾಲವೂ "ಒಳಗೆ ಸರೀರಿ, ಇನ್ನೂ ಜಾಗ ಇದೆ" ಎಂದು ಗಂಟಲು ಹರಿದುಕೊಂಡು ಬಸ್ಸು ತುಂಬಿಸಿದ ಕಂಡಕ್ಟರು, ನಿವೃತ್ತರಾದ ಮೇಲೆ ಹಜಾರದ ಮೀನಿನ ತೊಟ್ಟಿಗೆ ಹೊಸದಾಗಿ ಒಂದು ಮೀನನ್ನೂ ಸೇರಿಸುವವರಲ್ಲ. ಹತ್ತಿರದ ಹಳ್ಳದಿಂದ ತಂದ ಬೆರಳುದ್ದದ ಮೀನುಗಳ ಒಂದು ಗುಂಪು, ಮರಳಲ್ಲಿ ಹುದುಗಿಕೊಳ್ಳುವ ಒಂದು ಜೊತೆ ಪಟ್ಟೆಮೀನು, ಅಷ್ಟೇ ಅದರ ಸಂಸಾರ. ಗಾಜು ತಟ್ಟಿದ ನೆಂಟರಿಗೆ ಆ ಮನೆಯಲ್ಲಿ ಕಾಫಿ ಹುಟ್ಟುವುದಿಲ್ಲ. "ಬಸ್ಸಲ್ಲಿ ಜಾಗ ಹುಟ್ಟಿಸ್ತಿದ್ದ ಮಹಾರಾಯರು ಇವರೇನಾ?" ಎಂದು ಹೆಂಡತಿ ಚುಚ್ಚುತ್ತಲೇ ಇರುತ್ತಾರೆ. ಭಾವಮೈದುನನಂತೂ ಬಂದಾಗಲೆಲ್ಲ ಬಕೆಟ್ಟಿನಲ್ಲಿ ಮೀನು ಹಿಡಿದೇ ಬರುತ್ತಾನೆ. ಮೊನ್ನೆ ತಂದದ್ದು ಮೊಳದುದ್ದದ ಮೀಸೆಮೀನು. "ಭಾವ, ಸಮುದ್ರದಂಥ ತೊಟ್ಟಿ, ಖಾಲಿ ಹೊಡೀತಿದೆ." "ಇದರ ಬಾಯಿ ನೋಡಿದೆಯೇನೋ? ನನ್ನ ಮೀನೆಲ್ಲ ಇದಕ್ಕೆ ಒಂದು ತುತ್ತು. ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಟು ಬಾ." "ನಿಮ್ಮ ಪಟ್ಟೆಮೀನು ಒಂದಿನಾನೂ ಕಂಡಿಲ್ಲ. ಸತ್ತೇ ಹೋಗಿರ್ಬೇಕು." ಕಂಡಕ್ಟರು ಬಕೆಟ್ಟನ್ನು ಅವನ ಕೈಗೇ ಕೊಟ್ಟು ಬಾಗಿಲು ತೋರಿಸಿದರು. ಆ ಪುಕ್ಕಲು ಜೀವಗಳು ಹೆದರದೆ ಹೊರಬರಲೆಂದೇ ಅವರು ಇಷ್ಟು ತಿಂಗಳು ತೊಟ್ಟಿಯನ್ನು ಕಾದಿದ್ದರು. ನೂಕುನುಗ್ಗಲಲ್ಲಿ ಮುದುಡಿ ನಿಂತು, ದನಿಯೆತ್ತಲಾರದೆ, ಇಳಿಯಬೇಕಾದ ನಿಲ್ದಾಣ ದಾಟಿಹೋದ ಎಷ್ಟೋ ಮುಖಗಳನ್ನು ಅವರು ಇಂದಿಗೂ ಮರೆತಿಲ್ಲ. ಬಕೆಟ್ಟು ಹೊಸ್ತಿಲು ದಾಟುತ್ತಿದ್ದಂತೆ ಮರಳು ಕದಲಿತು. ಮೊದಲೊಂದು ಮೂತಿ, ಆಮೇಲೆ ಹೊನ್ನಿನ ಪಟ್ಟೆಯ ಮೈ, ಅದರ ಬೆನ್ನಿಗೇ ಇನ್ನೊಂದು. ಎರಡೂ ಬೆಳಕಿಗೆ ಬಂದು, ತಮ್ಮದೇ ಮನೆಯೆಂಬಂತೆ ತೊಟ್ಟಿಯ ಉದ್ದಕ್ಕೂ ಆರಾಮವಾಗಿ ಈಜಿದವು. "ಬಂದ್ವು ಕಣೇ! ಬಾರೇ ಬೇಗ!" ಎಂದು ಹೆಂಡತಿಯನ್ನು ಕೂಗಿದ ಅವರ ದನಿಗೆ ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು.